ಒಂದೇ ಮೈಕು, ಐದು ವಾದ್ಯ

ಹೋದ ಭಾನುವಾರ ಬೆಳಿಗ್ಗೆ ಅಮೆರಿಕದಿಂದ ಫೋನ್ ಬಂತು. ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ಹತ್ತಿರ ಎಂಟನೇ ತರಗತಿಯಲ್ಲಿ ವಿಜ್ಞಾನ ಕಲಿತ ಹುಡುಗಿ. ಈಗ ವರ್ಜೀನಿಯಾ ರಾಜ್ಯದಲ್ಲಿ ಸಂಸಾರ, ಇಬ್ಬರು ಮಕ್ಕಳು.

‘ಸಾರ್, ಬರೋ ಶನಿವಾರ ಹಿಲ್ಟನ್ಸ್ ಅನ್ನೋ ಊರಿಗೆ ಬ್ಲೂಗ್ರಾಸ್ ಕಛೇರಿ ಕೇಳೋಕೆ ಹೋಗ್ತಿದ್ದೀವಿ. ಮಗ ಪಿಟೀಲು ಕಲೀತಿದ್ದಾನೆ. ಈಗ ಬಿಟ್ಟುಬಿಡ್ತೀನಿ ಅಂತ ಹಟ. ಶಾಲೆಯ ವಾದ್ಯವೃಂದದಲ್ಲಿ ಹಿಂದಿನ ಸಾಲಲ್ಲಿ ಕೂರಿಸಿದ್ದಾರಂತೆ. ಹಿಂದೆ ಕೂತು ನುಡಿಸಿದ್ರೆ ಯಾರಿಗೆ ಕೇಳುತ್ತೆ ಅಂತಾನೆ. ನೀವೇ ಏನಾದರೂ ಹೇಳಿ ಸಾರ್’ ಎಂದಳು.

ಫೋನ್ ಇಡುವ ಮುಂಚೆ ನಗುತ್ತಲೇ ಇನ್ನೊಂದು ಮಾತು ಸೇರಿಸಿದಳು: ‘ನಾನೂ ಪ್ರಾರ್ಥನೆ ತಂಡದಲ್ಲಿ ಮೂರು ವರ್ಷ ಹಿಂದಿನ ಸಾಲಲ್ಲೇ ಇದ್ದೆ. ನಿಮಗೆ ನೆನಪಿದೆಯೋ ಇಲ್ಲವೋ.’

ನೆನಪಿಲ್ಲದೆ ಏನು? ಆ ತಂಡದ ಉಸ್ತುವಾರಿ ನನ್ನದೇ. ಶಾಲೆಗೆ ಇದ್ದದ್ದು ಒಂದೇ ಮೈಕು. ಚೆನ್ನಾಗಿ ಹಾಡುವ ಒಬ್ಬಳ ಮುಂದೆ ಅದನ್ನು ನಿಲ್ಲಿಸಿ ನಾನು ಪಕ್ಕಕ್ಕೆ ಸರಿಯುತ್ತಿದ್ದೆ. ಹಿಂದಿದ್ದ ಏಳೆಂಟು ಮಕ್ಕಳು ಬಾಯಿ ಆಡಿಸುತ್ತಿದ್ದದ್ದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

ಬಡ ಕಣಿವೆಯ ಸಂಗೀತ ಸಂಜೆ

ಹಿಲ್ಟನ್ಸ್ ಅಪಲೇಚಿಯನ್ ಬೆಟ್ಟಗಳ ನಡುವಿನ ಸಣ್ಣ ಊರು. ಅಲ್ಲಿನ ಕಣಿವೆಯ ಹೆಸರೇ ಪೂರ್ ವ್ಯಾಲಿ, ಅಂದರೆ ಬಡ ಕಣಿವೆ. ಇಲ್ಲಿನ ಎ.ಪಿ. ಕಾರ್ಟರ್, ಅವರ ಪತ್ನಿ ಸಾರಾ ಮತ್ತು ಬಂಧು ಮೇಬೆಲ್ 1927ರಲ್ಲಿ ಬ್ರಿಸ್ಟಲ್ ಪಟ್ಟಣಕ್ಕೆ ಹೋಗಿ ಧ್ವನಿಮುದ್ರಿಕೆಗೆ ಹಾಡಿ ದೇಶಕ್ಕೆಲ್ಲ ಪರಿಚಿತರಾದರು. ಎ.ಪಿ. ಕಾರ್ಟರ್ ಮುಂದೆ ಒಂದು ದಿನಸಿ ಅಂಗಡಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಮಗಳು ಜಾನೆಟ್, 1974ರಲ್ಲಿ ಆ ಹಳೆಯ ಅಂಗಡಿಯಲ್ಲೇ ಸಂಗೀತ ಸಂಜೆಗಳನ್ನು ಆರಂಭಿಸಿದರು. ಜನ ಹಿಡಿಸದಾದಾಗ ಪಕ್ಕದಲ್ಲೇ ಒಂದು ಸಭಾಂಗಣ ಎದ್ದಿತು. ಅದೇ ಕಾರ್ಟರ್ ಫ್ಯಾಮಿಲಿ ಫೋಲ್ಡ್.

ಅಲ್ಲಿ ಶನಿವಾರ ಸಂಜೆ ಕಛೇರಿ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೇ ಬರುತ್ತಾರೆ. ಮದ್ಯಪಾನಕ್ಕೆ ಅವಕಾಶವಿಲ್ಲ. ವೇದಿಕೆಯ ಮುಂದೆಯೇ ಕುಣಿಯಲು ಜಾಗ ಬಿಟ್ಟಿದ್ದಾರೆ. ಮುಖ್ಯವಾದ ನಿಯಮ ಇನ್ನೊಂದಿದೆ: ವಿದ್ಯುತ್ ವಾದ್ಯಗಳನ್ನು ನುಡಿಸುವಂತಿಲ್ಲ. ಮೈಕು ಇರಬಹುದು, ಆದರೆ ನಾದ ಮರ ಮತ್ತು ತಂತಿಯಿಂದಲೇ ಹುಟ್ಟಬೇಕು. ಪ್ರಸಿದ್ಧ ಗಾಯಕ ಜಾನಿ ಕ್ಯಾಶ್‌ಗೆ ಮಾತ್ರ ಈ ನಿಯಮ ಸಡಿಲವಾಗಿತ್ತಂತೆ. ಅವರು ಮೇಬೆಲ್ ಅವರ ಅಳಿಯ. ಅಳಿಯಂದಿರಿಗೆ ವಿನಾಯಿತಿ ಕೊಡದ ಊರು ಯಾವುದಿದೆ ಹೇಳಿ! ಅವರ ಕೊನೆಯ ಕಛೇರಿ ನಡೆದದ್ದೂ ಇಲ್ಲಿಯೇ, 2003ರ ಜುಲೈಯಲ್ಲಿ.

ಕಾರ್ಟರ್ ಮನೆತನದ ಹಾಡುಗಾರಿಕೆ ಬ್ಲೂಗ್ರಾಸ್‌ಗಿಂತ ಹಳೆಯದು. ಬ್ಲೂಗ್ರಾಸ್‌ನ ಪಿತಾಮಹ ಕೆಂಟಕಿ ರಾಜ್ಯದ ಬಿಲ್ ಮನ್ರೋ (1911–1996). ಕೆಂಟಕಿಗೆ ಅಲ್ಲಿ ಬೆಳೆಯುವ ಹುಲ್ಲಿನಿಂದ ‘ಬ್ಲೂಗ್ರಾಸ್ ರಾಜ್ಯ’ ಎಂಬ ಅಡ್ಡಹೆಸರಿದೆ. ಮನ್ರೋ ತಮ್ಮ ತಂಡಕ್ಕೆ ‘ಬ್ಲೂ ಗ್ರಾಸ್ ಬಾಯ್ಸ್’ ಎಂದು ಹೆಸರಿಟ್ಟರು. ತಂಡದ ಹೆಸರೇ ಮುಂದೆ ಸಂಗೀತದ ಹೆಸರಾಯಿತು.

ಒಬ್ಬೊಬ್ಬರಿಗೆ ಒಂದೊಂದು ಕೆಲಸ

ಸಾಮಾನ್ಯವಾಗಿ ತಂಡದಲ್ಲಿ ಐದು ವಾದ್ಯ: ಪಿಟೀಲು, ಬ್ಯಾಂಜೋ, ಮ್ಯಾಂಡೊಲಿನ್, ಗಿಟಾರ್ ಮತ್ತು ಆಳೆತ್ತರದ ಬೇಸ್. ಪಿಟೀಲು ಯುರೋಪಿನಿಂದ ವಲಸೆ ಬಂದವರ ಜೊತೆ ಬಂತು. ಬ್ಯಾಂಜೋದ ಮೂಲ ಆಫ್ರಿಕ. ಗುಲಾಮರಾಗಿ ಬಂದವರು ಸೋರೆಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯ ಅದು.

ಬ್ಯಾಂಜೋ ನಮ್ಮ ಮೃದಂಗದ ಹಾಗೆ ಹೊದಿಕೆ ಬಿಗಿದ ವಾದ್ಯ, ಮೇಲೆ ತಂತಿ. ಹಗುರವಾದ ಹೊದಿಕೆ ತಂತಿಯ ಶಕ್ತಿಯನ್ನು ಬೇಗ ಹೀರಿ ಗಾಳಿಗೆ ಕೊಟ್ಟುಬಿಡುತ್ತದೆ. ಆದ್ದರಿಂದ ನಾದ ಜೋರು, ಆದರೆ ಆಯುಸ್ಸು ಕಡಿಮೆ. ಹಾಗಾದರೆ ಹಾಡನ್ನು ಎಳೆಯುವುದು ಹೇಗೆ? ಸ್ವರಗಳನ್ನು ಒಂದರ ಹಿಂದೊಂದು ಸುರಿಯಬೇಕು. 1945ರಲ್ಲಿ ಮನ್ರೋ ತಂಡ ಸೇರಿದ ಅರ್ಲ್ ಸ್ಕ್ರಗ್ಸ್, ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ಇದನ್ನು ಸಾಧಿಸಿ ಇಡೀ ಸಂಗೀತದ ಗತಿಯನ್ನೇ ಬದಲಿಸಿದರು.

ಪಿಟೀಲಿಗೆ ಆ ಚಿಂತೆಯಿಲ್ಲ. ಕಮಾನು ಎಳೆಯುವಷ್ಟು ಹೊತ್ತೂ ತಂತಿಗೆ ಶಕ್ತಿ ಬರುತ್ತಲೇ ಇರುತ್ತದೆ. ಇನ್ನು ತಂಡದಲ್ಲಿ ಡ್ರಮ್ ಇಲ್ಲ. ತಾಳದ ಮೊದಲ ಪೆಟ್ಟನ್ನು ಬೇಸ್ ಹಿಡಿದರೆ, ಎದುರು ಪೆಟ್ಟನ್ನು ಮ್ಯಾಂಡೊಲಿನ್ ಹಿಡಿಯುತ್ತದೆ. ತಂತಿಗಳನ್ನು ಮೀಟಿ ಕೂಡಲೇ ಎಡಗೈ ಸಡಿಲಿಸಿದರೆ ನಾದ ಕತ್ತರಿಸಿದಂತೆ ನಿಲ್ಲುತ್ತದೆ. ಕೇಳುಗರಿಗೆ ಇದು ಬೇರೆಯಾಗಿ ಕೇಳಿಸದೇ ಇರಬಹುದು. ಆದರೆ ಅದು ನಿಂತರೆ ಹಾಡು ಕುಂಟುತ್ತದೆ.

ಮ್ಯಾಂಡೊಲಿನ್‌ನಲ್ಲಿ ಜೋಡಿ ಜೋಡಿಯಾಗಿ ಎಂಟು ತಂತಿ. ಇಲ್ಲಿ ನಮ್ಮ ಮೈಸೂರಿನ ಟಿ. ಚೌಡಯ್ಯನವರು ನೆನಪಾಗುತ್ತಾರೆ. ದೊಡ್ಡ ಸಭೆಗಳಲ್ಲಿ ಧ್ವನಿವರ್ಧಕ ಇರದ ಕಾಲದಲ್ಲಿ ಕೊನೆಯ ಸಾಲಿಗೂ ಕೇಳಲೆಂದು ಅವರು ಪಿಟೀಲಿಗೆ ಮೂರು ತಂತಿ ಹೆಚ್ಚಿಗೆ ಸೇರಿಸಿ ಏಳು ತಂತಿ ಮಾಡಿಕೊಂಡರು. ಬೇರೆ ಬೇರೆ ಖಂಡಗಳಲ್ಲಿ ಒಂದೇ ತೊಂದರೆ, ಹೆಚ್ಚು ಕಡಿಮೆ ಒಂದೇ ಪರಿಹಾರ.

ಕಾಲೇ ಗುಂಡಿ

ಮನ್ರೋ ಕಾಲದಲ್ಲಿ ಇಡೀ ತಂಡ ಒಂದೇ ಮೈಕಿನ ಸುತ್ತ ನಿಲ್ಲುತ್ತಿತ್ತು. ಈಗಲೂ ಹಲವು ತಂಡಗಳು ಹಾಗೆಯೇ ನಿಲ್ಲುತ್ತವೆ. ಹಾಡುವವನು ಮೈಕಿನ ಹತ್ತಿರ. ಚರಣ ಮುಗಿದ ಕೂಡಲೇ ಅವನು ಹಿಂದೆ ಸರಿಯುತ್ತಾನೆ, ಬ್ಯಾಂಜೋದವನು ಮುಂದೆ ಬಂದು ತನ್ನ ಸರದಿ ನುಡಿಸುತ್ತಾನೆ. ಅವನು ಸರಿದರೆ ಪಿಟೀಲು. ಯಾರೂ ಡಿಕ್ಕಿ ಹೊಡೆಯುವುದಿಲ್ಲ, ಸಂಜ್ಞೆಯೂ ಬೇಕಿಲ್ಲ.

ಹತ್ತನೇ ತರಗತಿಯ ಮಕ್ಕಳೇ, ಇಲ್ಲಿರುವುದು ವಿಲೋಮ ವರ್ಗ ನಿಯಮ. ದೂರ ಎರಡರಷ್ಟಾದರೆ ಶಬ್ದದ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಮೈಕಿನಿಂದ 1 ಅಡಿ ದೂರ ಇದ್ದವನು 4 ಅಡಿಗೆ ಸರಿದರೆ ಅವನ ಪಾಲು 16ರಲ್ಲಿ 1. ಗೋಡೆಗಳ ಪ್ರತಿಫಲನದಿಂದ ಲೆಕ್ಕ ತುಸು ಬದಲಾಗುತ್ತದೆ, ಅಷ್ಟೆ. ಅಂದರೆ ಧ್ವನಿ ಏರಿಸಿ ಇಳಿಸುವ ಗುಂಡಿ ಕಲಾವಿದನ ಕಾಲಲ್ಲೇ ಇದೆ!

ಮನೆಯಲ್ಲೇ ಮಾಡಿ ನೋಡಿ. ಮೇಜಿನ ಮೇಲೆ ಮೊಬೈಲ್ ಇಟ್ಟು ಧ್ವನಿ ಮುದ್ರಣ ಶುರು ಮಾಡಿ. ಒಬ್ಬರು 1 ಅಡಿ ದೂರದಲ್ಲಿ, ಇನ್ನೊಬ್ಬರು 4 ಅಡಿ ದೂರದಲ್ಲಿ ನಿಂತು ಒಂದೇ ಹಾಡನ್ನು ಒಟ್ಟಿಗೆ ಹಾಡಿ. ಅರ್ಧ ಹಾಡಾದ ಮೇಲೆ ಜಾಗ ಬದಲಿಸಿ. ಆಮೇಲೆ ಕೇಳಿ. ಹಿಂದೆ ನಿಂತವರು ದಡ್ಡರೂ ಅಲ್ಲ, ಕಂಠ ಇಲ್ಲದವರೂ ಅಲ್ಲ, ಮೂರು ಅಡಿ ಹಿಂದಿದ್ದರು ಅಷ್ಟೆ ಎಂಬುದು ತಿಳಿಯುತ್ತದೆ.

ನನ್ನ ಶಿಷ್ಯೆಯ ಮಗನಿಗೆ ಎರಡು ಮಾತು ಬರೆದು ಕಳಿಸಿದ್ದೇನೆ. ಒಂದು: ಶನಿವಾರ ಸಂಜೆ ಮುಂದೆ ಬಂದು ನುಡಿಸುವವನನ್ನಷ್ಟೇ ನೋಡಬೇಡ, ಆ ಹೊತ್ತಿನಲ್ಲಿ ಹಿಂದೆ ಸರಿದವರು ಏನು ಮಾಡುತ್ತಿದ್ದಾರೆ ಎಂಬುದನ್ನೂ ನೋಡು. ಎರಡು: ಹಿಂದೆ ನಿಲ್ಲುವುದು ಅವಮಾನವಲ್ಲ, ಆದರೆ ಸರದಿಯೇ ಬಾರದಿದ್ದರೆ ಮೇಷ್ಟರನ್ನು ಕೇಳು. ನಿನ್ನ ಅಮ್ಮ ಕೇಳಲಿಲ್ಲ. ಅದು ಅವಳ ತಪ್ಪಲ್ಲ, ನಾನು ಅಂಥ ಮೇಷ್ಟರಾಗಿದ್ದೆ.

ಈ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಪ್ರಾರ್ಥನೆ ತಂಡದಲ್ಲಿ ಒಂಬತ್ತು ಮಕ್ಕಳಿದ್ದಾರೆ. ಮೈಕು ಈಗಲೂ ಒಂದೇ. ಅದರ ಸುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದಿದ್ದೇನೆ, ಒಂದು ಒಂದಡಿಗೆ, ಇನ್ನೊಂದು ನಾಲ್ಕಡಿಗೆ. ಮೊದಲ ದಿನ ಮಕ್ಕಳು ಒಬ್ಬರ ಕಾಲು ಒಬ್ಬರು ತುಳಿದರು. ನಾಲ್ಕನೇ ದಿನ ತುಳಿಯಲಿಲ್ಲ.