ವೆಸ್ಟರ್ನ್ ಚಿತ್ರ ಮತ್ತು ನಿರ್ದೇಶಕನ ಅರ್ಹತೆ: ಒಂದು ಜಾನಪದೀಯ ವಿವೇಚನೆ

ಅಮೆರಿಕದ ಚಲನಚಿತ್ರ ಪ್ರಕಾರಗಳಲ್ಲಿ ‘ವೆಸ್ಟರ್ನ್’ ಅತ್ಯಂತ ಹಳೆಯವುಗಳಲ್ಲೊಂದು. ಎಡ್ವಿನ್ ಪೋರ್ಟರ್ 1903ರಲ್ಲಿ ನಿರ್ಮಿಸಿದ, ಸುಮಾರು ಹನ್ನೆರಡು ನಿಮಿಷಗಳ ‘ದಿ ಗ್ರೇಟ್ ಟ್ರೇನ್ ರಾಬರಿ’ಯಿಂದ ಮೊದಲ್ಗೊಂಡು ಇಂದಿನವರೆಗೆ ಈ ಪ್ರಕಾರವು ಅನೇಕ ಬಾರಿ ಸತ್ತಿತೆಂದು ಸಾರಲ್ಪಟ್ಟು, ಅಷ್ಟೇ ಬಾರಿ ಮರುಹುಟ್ಟು ಪಡೆದಿದೆ. ಇಂತಹ ಚಿತ್ರವನ್ನು ನಿರ್ಮಿಸಲು ಯಾವ ಬಗೆಯ ನಿರ್ದೇಶಕ ಯೋಗ್ಯ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಚಿತ್ರವಿಮರ್ಶಕರು ಎತ್ತುತ್ತಾರೆ. ಕುದುರೆ, ಬಂದೂಕು, ಬಯಲುಗಳನ್ನು ಸಮರ್ಥವಾಗಿ ಚಿತ್ರಿಸಬಲ್ಲವನೇ ಯೋಗ್ಯ ಎಂಬ ಉತ್ತರವೂ ವಾಡಿಕೆಯದು. ಆದರೆ ವೆಸ್ಟರ್ನ್ ಮೂಲತಃ ಒಂದು ಐತಿಹ್ಯಪರಂಪರೆ. ಆದ್ದರಿಂದ ಈ ಪ್ರಶ್ನೆಯನ್ನು ಜಾನಪದ ಅಧ್ಯಯನದ ನೆಲೆಯಿಂದಲೂ ಪರಿಶೀಲಿಸುವುದು ಅಗತ್ಯ.

ಈ ಐತಿಹ್ಯದ ಹಿಂದಿರುವ ಚಾರಿತ್ರಿಕ ಅವಧಿ ಬಹಳ ಕಿರಿದು. ಟೆಕ್ಸಸ್‌ನಿಂದ ಉತ್ತರದ ರೈಲುನಿಲ್ದಾಣಗಳಿಗೆ ದನಗಳ ಹಿಂಡುಗಳನ್ನು ಅಟ್ಟಿಕೊಂಡು ಹೋಗುವ ಪದ್ಧತಿ ಉಚ್ಛ್ರಾಯದಲ್ಲಿದ್ದುದು 1860ರ ದಶಕದ ಉತ್ತರಾರ್ಧದಿಂದ ಸುಮಾರು ಇಪ್ಪತ್ತು ವರ್ಷಗಳು ಮಾತ್ರ. 1874ರಲ್ಲಿ ಜೋಸೆಫ್ ಗ್ಲಿಡನ್‌ಗೆ ಹಕ್ಕುಪತ್ರ ದೊರೆತ ಮುಳ್ಳುತಂತಿ ಹಾಗೂ ದಕ್ಷಿಣಕ್ಕೆ ಚಾಚಿದ ರೈಲುಮಾರ್ಗಗಳು ಆ ಬದುಕನ್ನು ಬೇಗನೆ ಮುಗಿಸಿದವು. ಬದುಕು ಮುಗಿದ ಮೇಲೆ ಹಾಡು ಉಳಿಯಿತು. ಜಾನ್ ಲೋಮ್ಯಾಕ್ಸ್ ದನಗಾಹಿಗಳ ಹಾಡುಗಳನ್ನು ಸಂಗ್ರಹಿಸಿ 1910ರಲ್ಲಿ ಪ್ರಕಟಿಸಿದರು. ಅಲ್ಲಿಯ ವೃತ್ತಿಪದಗಳಲ್ಲಿ ‘ರ‍್ಯಾಂಚ್’, ‘ರೋಡಿಯೊ’, ‘ಲ್ಯಾರಿಯಟ್’ ಮೊದಲಾದವು ಸ್ಪ್ಯಾನಿಷ್ ಮೂಲದವು. ದನಗಾಹಿ ವಿದ್ಯೆ ಮೆಕ್ಸಿಕೋದ ಗೋವಳರಿಂದ ಬಂದುದೆಂಬುದಕ್ಕೆ ಈ ಪದಗಳೇ ಸಾಕ್ಷಿ. ಕಪ್ಪು ವರ್ಣದ ದನಗಾಹಿಗಳೂ ಗಣನೀಯ ಸಂಖ್ಯೆಯಲ್ಲಿದ್ದರು. ಬೆಳ್ಳಿತೆರೆಯಲ್ಲಿ ಇವರಿಬ್ಬರೂ ಬಹುಕಾಲ ಅಂಚಿಗೆ ಸರಿದರು. ನಿರ್ದೇಶಕನ ಅರ್ಹತೆಯ ವಿಚಾರ ಇಲ್ಲಿಂದಲೇ ಆರಂಭವಾಗಬೇಕು.

ಜೆಸ್ಸಿ ಜೇಮ್ಸ್ ಎಂಬ ದರೋಡೆಕೋರನ ಉದಾಹರಣೆಯನ್ನು ಗಮನಿಸಬಹುದು. 1882ರಲ್ಲಿ ತನ್ನ ಗುಂಪಿನವನಿಂದಲೇ ಹತನಾದ ಈತನು ಲಾವಣಿಯಲ್ಲಿ ಸಿರಿವಂತರಿಂದ ಕಿತ್ತು ಬಡವರಿಗೆ ಕೊಟ್ಟ ಉದಾರಿ. ದಾಖಲೆಗಳಲ್ಲಾದರೋ ಆತ ಅಂತರ್ಯುದ್ಧದ ಕಾಲದಲ್ಲಿ ಗುಲಾಮಗಿರಿಯ ಪರವಾದ ದಕ್ಷಿಣದ ಪಕ್ಷದಲ್ಲಿ ಹೋರಾಡಿದ ಗೆರಿಲ್ಲಾ. ಆಮೇಲೆ ಬ್ಯಾಂಕು, ರೈಲುಗಳನ್ನು ದೋಚಿದವನು. ಕನ್ನಡದ ಓದುಗರಿಗೆ ಲಾವಣಿ ಮತ್ತು ದಾಖಲೆಗಳ ನಡುವಿನ ಈ ಅಂತರ ಅಪರಿಚಿತವಲ್ಲ. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣ ಮತ್ತು ಹಲಗಲಿಯ ಬೇಡರ ಲಾವಣಿಗಳಿವೆ. ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ ಆಜ್ಞೆಯನ್ನು ಧಿಕ್ಕರಿಸಿ 1857ರಲ್ಲಿ ದಂಗೆಯೆದ್ದ ಬೇಡರು ಸರಕಾರದ ಕಡತಕ್ಕೆ ಬಂಡುಕೋರರು, ಹಾಡುಗಾರನಿಗೆ ವೀರರು. ಆದರೆ ಎರಡೂ ಲಾವಣಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಹಲಗಲಿಯ ಹಾಡು ಸೋತವರ ಸ್ಮೃತಿಯನ್ನು ಕಾಪಿಟ್ಟಿತು. ಜೆಸ್ಸಿ ಜೇಮ್ಸ್‌ನ ಹಾಡು ಒಬ್ಬನ ಹಿಂಸೆಯನ್ನು ಮರೆಸಿತು. ಯಾವ ಐತಿಹ್ಯ ಏನನ್ನು ಕಾಪಿಡುತ್ತದೆ, ಏನನ್ನು ಮರೆಸುತ್ತದೆ ಎಂಬ ವಿವೇಚನೆಯೇ ವೆಸ್ಟರ್ನ್ ನಿರ್ದೇಶಕನಿಗೆ ಇರಬೇಕಾದ ಮೊದಲ ಅರ್ಹತೆ.

ಜಾನ್ ಫೋರ್ಡ್ ಈ ಪ್ರಕಾರದ ಹಿರಿಯ ಕಥನಕಾರ. ಆತ ಪಶ್ಚಿಮದವನಲ್ಲ, ಪೂರ್ವತೀರದ ಮೇನ್ ರಾಜ್ಯದಲ್ಲಿ ಐರಿಷ್ ವಲಸಿಗರ ಮಗನಾಗಿ 1894ರಲ್ಲಿ ಜನಿಸಿದವನು. ‘ಸ್ಟೇಜ್‌ಕೋಚ್’ (1939) ಚಿತ್ರದಿಂದ ಆರಂಭಿಸಿ ಮೊನ್ಯುಮೆಂಟ್ ಕಣಿವೆಯನ್ನು ಆತ ಪುನಃ ಪುನಃ ಚಿತ್ರಿಸಿದ. ನಿರ್ದೇಶನಕ್ಕಾಗಿ ಆತನಿಗೆ ನಾಲ್ಕು ಆಸ್ಕರ್ ಪ್ರಶಸ್ತಿಗಳು ಸಂದವಾದರೂ ಅವುಗಳಲ್ಲಿ ಒಂದೂ ವೆಸ್ಟರ್ನ್ ಚಿತ್ರಕ್ಕಲ್ಲ ಎಂಬುದು, ಈ ಪ್ರಕಾರವನ್ನು ಅಂದು ಎಷ್ಟು ಹಗುರವಾಗಿ ಕಾಣಲಾಗಿತ್ತು ಎಂಬುದನ್ನು ಸೂಚಿಸುತ್ತದೆ. ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲೆನ್ಸ್’ (1962) ಚಿತ್ರದಲ್ಲಿ ಫೋರ್ಡ್ ಐತಿಹ್ಯ ಹುಟ್ಟುವ ಬಗೆಯನ್ನೇ ವಸ್ತುವಾಗಿಸಿಕೊಂಡ. ಕೊಲೆಗಡುಕನನ್ನು ಕೊಂದವನು ಒಬ್ಬ, ಕೀರ್ತಿ ಪಡೆದವನು ಇನ್ನೊಬ್ಬ. ನಿಜವನ್ನು ಅರಿತ ಪತ್ರಿಕೆಯೂ ಅದನ್ನು ಮುದ್ರಿಸುವುದಿಲ್ಲ. ಆದರೆ ಇದೇ ಫೋರ್ಡ್‌ನ ಚಿತ್ರಗಳಲ್ಲಿ ಆ ಕಣಿವೆಯ ನಿವಾಸಿಗಳಾದ ನವಾಹೊ ಜನರು ಅಪಾಚೆಗಳಾಗಿ, ಕೊಮಾಂಚಿಗಳಾಗಿ, ಶೈಯೆನ್ನರಾಗಿ ಕಾಣಿಸಿಕೊಂಡರೇ ಹೊರತು ತಮ್ಮ ಕಥೆಯನ್ನು ತಾವೇ ಹೇಳಲಿಲ್ಲ. ಭೂದೃಶ್ಯವನ್ನು ಬಲ್ಲ ನಿರ್ದೇಶಕ ಭೂಮಿಯ ಜನರನ್ನೂ ಬಲ್ಲನೆಂದು ಹೇಳಲಾಗದು.

ಪರಸ್ಥಳದವರು ಈ ಪ್ರಕಾರಕ್ಕೆ ಅನರ್ಹರೆಂಬ ವಾದವೂ ನಿಲ್ಲದು. ‘ಹೈ ನೂನ್’ (1952) ಚಿತ್ರದ ಫ್ರೆಡ್ ಜಿನ್ನೆಮನ್ ವಿಯೆನ್ನಾದಲ್ಲಿ ಬೆಳೆದವರು. ಜಪಾನಿನ ಅಕಿರ ಕುರೊಸಾವ ಅವರ ‘ಯೊಜಿಂಬೊ’ (1961) ಇಟಲಿಯ ಸೆರ್ಜಿಯೊ ಲಿಯೋನೆಯ ಕೈಯಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ (1964) ಆಯಿತು. ಅದರ ಹೊರಾಂಗಣ ಚಿತ್ರೀಕರಣಕ್ಕೆ ಸ್ಪೇನಿನ ಅಲ್ಮೇರಿಯದ ಬರಡುನೆಲ ಒದಗಿತು. ಒಂದು ಆಶಯವು ಭಾಷೆಯಿಂದ ಭಾಷೆಗೆ ಸಂಚರಿಸುತ್ತ ಹೊಸ ನೆಲದ ಬಣ್ಣ ಪಡೆಯುವುದು ಜಾನಪದದಲ್ಲಿ ಸಹಜ ಪ್ರಕ್ರಿಯೆ. 2021ರಲ್ಲಿ ಇದೇ ಚಿತ್ರ ನವಾಹೊ ಭಾಷೆಗೆ ಡಬ್ ಆಯಿತು. ಹಿಂದೆ ತೆರೆಯ ಮೇಲೆ ಪರರ ವೇಷ ಧರಿಸಿದ್ದವರ ನುಡಿಗೆ ಈ ಕಥೆ ಹೀಗೆ ಸುತ್ತಿ ಬಂದುದು ಅರ್ಥಪೂರ್ಣ.

ಕರ್ನಾಟಕವೂ ಈ ಸಂಚಾರದ ಒಂದು ನಿಲ್ದಾಣ. ರಮೇಶ್ ಸಿಪ್ಪಿ ಅವರ ‘ಶೋಲೆ’ (1975) ಚಿತ್ರದ ರಾಮಗಢ ನಿರ್ಮಾಣಗೊಂಡದ್ದು ರಾಮನಗರದ ಬಂಡೆಗಳ ನಡುವೆ. ಗಿರೀಶ ಕಾರ್ನಾಡರು ಕುರೊಸಾವ ಅವರ ಪ್ರಭಾವದಲ್ಲಿ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರವನ್ನು ನಿರ್ದೇಶಿಸಿದರು. ಇದರ ನಾಯಕ ಮಧ್ಯಕಾಲೀನ ಕರ್ನಾಟಕದ ಕೂಲಿಯೋಧ. ಕಾರ್ನಾಡರು ಟೋಪಿ, ಪಿಸ್ತೂಲುಗಳನ್ನು ಎರವಲು ತರಲಿಲ್ಲವೆಂಬುದು ಮುಖ್ಯ. ತುರುಗೋಳಿನಲ್ಲಿ ಮಡಿದವರ ವೀರಗಲ್ಲುಗಳು ಊರೂರಿನಲ್ಲಿರುವ ನಾಡಿಗೆ ದನಗಳ ಹಿಂಡು, ಅದನ್ನು ಅಪಹರಿಸುವ ಪರಪಡೆ, ಅಡ್ಡ ನಿಂತು ಸಾಯುವ ಒಬ್ಬ ವ್ಯಕ್ತಿ ಎಂಬ ಕಥಾಸಾಮಗ್ರಿ ಹೊಸತಲ್ಲ. ವೀರಗಲ್ಲನ್ನು ಓದಬಲ್ಲ ಕನ್ನಡದ ನಿರ್ದೇಶಕ, ಅಮೆರಿಕದ ಚಿತ್ರಗಳನ್ನು ಅನುಕರಿಸುವವನಿಗಿಂತ ಈ ಪ್ರಕಾರಕ್ಕೆ ಹೆಚ್ಚು ಯೋಗ್ಯ.

ಇತ್ತೀಚಿನ ನಿರ್ದೇಶಕರಲ್ಲಿ ಮೂವರನ್ನು ಇಲ್ಲಿ ವಿಶೇಷವಾಗಿ ಹೆಸರಿಸಬಹುದು. ಕೆಲ್ಲಿ ರೈಕಾರ್ಟ್ ಅವರ ‘ಮೀಕ್ಸ್ ಕಟಾಫ್’ (2010) 1845ರ ಆರೆಗಾನ್ ದಾರಿಯಲ್ಲಿ ನೀರಿಲ್ಲದೆ ಅಲೆಯುವ ಬಂಡಿಗಳ ಕಥೆ. ಗಂಡಸರ ಸಮಾಲೋಚನೆ ದೂರ ನಿಂತ ಹೆಂಗಸರಿಗೆ ಕೇಳಿಸುವಷ್ಟೇ, ಅಂದರೆ ಅರ್ಧಂಬರ್ಧವಾಗಿ, ಪ್ರೇಕ್ಷಕರಿಗೂ ಕೇಳಿಸುತ್ತದೆ. ಕೇಳುಗರ ಸ್ಥಾನ ಬದಲಾದೊಡನೆ ಪಾಠವೂ ಬದಲಾಗುತ್ತದೆ ಎಂಬ ತತ್ತ್ವಕ್ಕೆ ಇದು ನಿದರ್ಶನ. ಬೀಜಿಂಗ್‌ನಲ್ಲಿ ಜನಿಸಿದ ಕ್ಲೋಯಿ ಝಾವೊ ‘ದಿ ರೈಡರ್’ (2017) ಚಿತ್ರದಲ್ಲಿ ಲಕೋಟ ಸಮುದಾಯದ ಕುದುರೆ ಪಳಗಿಸುವ ಯುವಕನಿಂದ ಅವನ ಬದುಕಿಗೆ ಹತ್ತಿರವಾದ ಪಾತ್ರವನ್ನೇ ಮಾಡಿಸಿದರು. ಕ್ಷೇತ್ರಕಾರ್ಯ ಬಲ್ಲವರಿಗೆ ಈ ವಿಧಾನದ ಬೆಲೆ ತಿಳಿಯುತ್ತದೆ.

ಮೂರನೆಯವರು ಸೆಮಿನೋಲ್ ಮತ್ತು ಮಸ್ಕೋಗಿ ಮೂಲದ ಸ್ಟರ್ಲಿನ್ ಹಾರ್ಜೊ. ಇವರು ಸಹಸೃಷ್ಟಿಕಾರರಾದ ‘ರಿಸರ್ವೇಶನ್ ಡಾಗ್ಸ್’ (2021–2023) ಸರಣಿಯಲ್ಲಿ 1876ರ ಲಿಟಲ್ ಬಿಗ್‌ಹಾರ್ನ್ ಯುದ್ಧಭೂಮಿಯ ಒಬ್ಬ ಯೋಧನ ಪ್ರೇತ ಬರುತ್ತದೆ. ಆತ ಹೋರಾಡಿ ಸತ್ತವನಲ್ಲ. ಕುದುರೆ ಬಿಲವೊಂದನ್ನು ಎಡವಿ ಮೈಮೇಲೆ ಉರುಳಿದ್ದರಿಂದ ಸತ್ತವನು. ವೀರನ ಐತಿಹ್ಯವನ್ನು ಆ ವೀರನ ವಂಶದವರೇ ನಗುತ್ತ ಮುರಿಯುವ ಈ ಬಗೆ ಹೊರಗಿನವರಿಗೆ ಸುಲಭಸಾಧ್ಯವಲ್ಲ. ಹೊರಗಿನವರು ಮಾಡಿದರೆ ಅದು ಅಪಹಾಸ್ಯವಾದೀತು. ಪೂರ್ಣಪ್ರಮಾಣದ ವೆಸ್ಟರ್ನ್ ಚಿತ್ರಕ್ಕೆ ಇಂದು ಅತ್ಯಂತ ಯೋಗ್ಯರಾದವರಲ್ಲಿ ಹಾರ್ಜೊ ಅವರನ್ನು ಎಣಿಸಲು ಇದೇ ಕಾರಣ.

ಒಟ್ಟಿನಲ್ಲಿ, ಹುಟ್ಟಿದ ಸ್ಥಳವಾಗಲಿ ಕುದುರೆ ಸವಾರಿಯ ಚಿತ್ರಣವಾಗಲಿ ಈ ಅರ್ಹತೆಯನ್ನು ನಿರ್ಧರಿಸುವುದಿಲ್ಲ. ನೆಲವನ್ನು ಅದರ ಜನರೊಡನೆ ಕಾಣುವುದು, ಲಾವಣಿಯನ್ನೂ ದಾಖಲೆಯನ್ನೂ ಎದುರುಬದುರು ಇಟ್ಟು ನೋಡುವುದು, ಹಿಂದಿನ ಪಾಠಗಳು ಹೊರಗಿಟ್ಟವರಿಗೆ ಕಥೆಯಲ್ಲಿ ಮಾತು ಕೊಡುವುದು – ಈ ಮೂರೂ ಕೂಡಿದಲ್ಲಿ ವೆಸ್ಟರ್ನ್ ಜೀವಂತವಾಗಿದೆ. ಇವು ಕೂಡದಿದ್ದಲ್ಲಿ ಪ್ರೇಕ್ಷಕರಿಗೆ ಉಳಿಯುವುದು ಟೋಪಿ ಮತ್ತು ಧೂಳು ಮಾತ್ರ.