ಅಜ್ಜಿಯ ಮೂರು ಭಾಷೆ, ಮಿದುಳಿನ ಕಸರತ್ತು

“ನಾಲಿಗೆ ತುದಿಯಲ್ಲೇ ಉಂಟು ಮಾರಾಯ್ತಿ, ಹೆಸರು ಮಾತ್ರ ಬಾಯಿಗೆ ಬರ್ತಾ ಇಲ್ಲ!” ಉಡುಪಿಯ ರಥಬೀದಿಯಲ್ಲಿ ಹಳೆಯ ಪರಿಚಯದವರು ಎದುರಾದಾಗ ಅರುವತ್ತು ದಾಟಿದವರ ಬಾಯಲ್ಲಿ ಈ ಮಾತು ಸಾಮಾನ್ಯ. ಹೆಸರು ಅಳಿಸಿಹೋಗಿಲ್ಲ. ಸಂಜೆ ಚಹಾ ಕುಡಿಯುವಾಗ ತಾನಾಗಿ ನೆನಪಾಗುತ್ತದೆ. ಅಷ್ಟರೊಳಗೆ ಮನೆಯವರು “ಅರಳು ಮರುಳು” ಎಂದು ನಕ್ಕಾಗಿರುತ್ತದೆ.

ಪ್ರಾಯ ಸಂದಂತೆ ಮಿದುಳು ತುಸು ಕುಗ್ಗುತ್ತದೆ. ನರತಂತುಗಳ ಮೇಲಿನ ಕೊಬ್ಬಿನ ಹೊದಿಕೆ ಸವೆದು ಸಂದೇಶಗಳ ಓಟ ನಿಧಾನವಾಗುತ್ತದೆ. ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗ ಇಳಿವಯಸ್ಸಿನಲ್ಲಿ ವರ್ಷಕ್ಕೆ ಶೇ. 1ರಿಂದ 2ರಷ್ಟು ಕಿರಿದಾಗುತ್ತದೆ. ಹಾಗಾಗಿಯೇ ಬೆಳಗ್ಗೆ ಕನ್ನಡಕ ಇಟ್ಟ ಜಾಗ ಅಜ್ಜನಿಗೆ ಮರೆತುಹೋಗುತ್ತದೆ. ಐವತ್ತು ವರ್ಷ ಹಿಂದಿನ ಮದುವೆಯೂಟದ ಪಾಯಸ ಮರೆಯುವುದಿಲ್ಲ.

ಆದರೆ ಬಳಸಿದಂತೆ ನರಕೋಶಗಳ ನಡುವೆ ಹೊಸ ಕೊಂಡಿ ಬೆಸೆದುಕೊಳ್ಳುವ ಗುಣ ವಯಸ್ಸಾದ ಮಿದುಳಿನಲ್ಲಿ ತಗ್ಗುತ್ತದೆಯೇ ಹೊರತು ಬತ್ತುವುದಿಲ್ಲ. ಅಮೆರಿಕದಲ್ಲಿ 120 ಮಂದಿ ಹಿರಿಯರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ ಚುರುಕಾಗಿ ನಡೆದವರ ಹಿಪೊಕ್ಯಾಂಪಸ್ ಒಂದೇ ವರ್ಷದಲ್ಲಿ ಸುಮಾರು ಶೇ. 2ರಷ್ಟು ಹಿಗ್ಗಿತ್ತು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಕಸರತ್ತು ಹುಟ್ಟಿನಿಂದಲೇ ಬಂದಿದೆ. ಕಾಪುವಿನಲ್ಲಿ ಮೀನು ಕೊಳ್ಳುವಾಗ ತುಳು, ಕಾರ್ಕಳದ ಅಂಗಡಿಯಲ್ಲಿ ಕೊಂಕಣಿ, ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರರ ಎದುರು ಕನ್ನಡ. ಒಂದು ಭಾಷೆ ಆಡುವಾಗ ಉಳಿದವನ್ನು ಮಿದುಳು ತಡೆದು ಹಿಡಿಯಬೇಕು. ಅದೇನು ಸಣ್ಣ ಕೆಲಸವೇ?

ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆಗುಳಿ ಕಾಯಿಲೆಯ 648 ಮಂದಿಯ ವಿವರ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸ ಇತ್ತು. ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಹೆಚ್ಚುವರಿ ಲಾಭವೇನೂ ಕಾಣಲಿಲ್ಲವಂತೆ. ನಾಲ್ಕು ಭಾಷೆ ಬರುತ್ತದೆಂದು ಬೀಗುವವರು ಗಮನಿಸಬಹುದು! ಬೇರೆ ದೇಶಗಳ ಕೆಲವು ಅಧ್ಯಯನಗಳಲ್ಲಿ ಇಂಥ ಲಾಭ ಕಂಡುಬಂದಿಲ್ಲ ಎಂಬುದೂ ನಿಜ. ಭಾಷೆ ಕಾಯಿಲೆಯನ್ನು ತಡೆಯುವ ಲಸಿಕೆಯಲ್ಲ.

ಆದರೂ ಮಕ್ಕಳೇ, ಅಜ್ಜಿ ತುಳುವಿನಲ್ಲಿ ಕೇಳಿದ್ದಕ್ಕೆ ನೀವು ಇಂಗ್ಲಿಷಿನಲ್ಲಿ “ಯೆಸ್”, “ನೋ” ಎಂದು ಮೊಬೈಲಿಗೆ ಮರಳಿದರೆ ಅಜ್ಜಿಯ ಮಾತಿನ ಕಸರತ್ತು ಅಲ್ಲಿಗೇ ನಿಲ್ಲುತ್ತದೆ. ಕಿವಿ ಮಂದವಾಗಿದ್ದರೂ ಹಾಗೆಯೇ. ಕಿವಿ ಕೇಳದಿರುವುದು ಮರೆಗುಳಿ ಕಾಯಿಲೆಯ ಅಪಾಯ ಹೆಚ್ಚಿಸುವ ಮುಖ್ಯ ಕಾರಣಗಳಲ್ಲೊಂದು. ಶ್ರವಣ ಸಾಧನಕ್ಕೆ ನಾಚಿಕೆ ಏಕೆ?

ಹೆಸರು ತಡವಾಗಿ ನೆನಪಾಗುವುದು ಪ್ರಾಯದ ಗುಣ. ಕೇಳಿದ್ದನ್ನೇ ಹತ್ತು ಸಲ ಕೇಳುವುದು, ಗುರುತಿನ ದಾರಿಯಲ್ಲೇ ತಪ್ಪುವುದು, ದಿನಾ ಮಾಡುವ ಸಾರಿನ ಕ್ರಮವೇ ಗೊತ್ತಾಗದಿರುವುದು ಹಾಗಲ್ಲ. ಆಗ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆಗಳಿಂದಲೂ ಮರೆವು ಬರುತ್ತದೆ. ರಕ್ತಪರೀಕ್ಷೆಯಲ್ಲಿ ಅವು ತಿಳಿಯುತ್ತವೆ, ಔಷಧವೂ ಇದೆ.