ಸ್ಪೀಕರು ಮತ್ತು ವರ್ಧಕ: ಹೊಂದಾಣಿಕೆಯ ವಿಚಾರ

ಕನ್ನಡದಲ್ಲಿ ‘ಧ್ವನಿವರ್ಧಕ’ ಎಂಬ ಒಂದೇ ಮಾತು ಎರಡು ಬೇರೆ ಬೇರೆ ಉಪಕರಣಗಳಿಗೆ ಸಲ್ಲುತ್ತಿದೆ. ಕ್ಷೀಣವಾದ ವಿದ್ಯುತ್ ಸಂಕೇತವನ್ನು ಬಲಪಡಿಸುವುದು ಒಂದು. ಆ ವಿದ್ಯುತ್ತನ್ನು ಗಾಳಿಯ ಕಂಪನವಾಗಿ ಮಾರ್ಪಡಿಸುವುದು ಇನ್ನೊಂದು. ಮೊದಲನೆಯದನ್ನು ವರ್ಧಕವೆಂದೂ ಎರಡನೆಯದನ್ನು ಸ್ಪೀಕರೆಂದೂ ಇಲ್ಲಿ ಕರೆಯುತ್ತೇವೆ. ಬೆಲೆಯನ್ನೋ ವಾಟ್‌ಗಳ ಸಂಖ್ಯೆಯನ್ನೋ ಮಾತ್ರ ನೋಡಿ ಇವನ್ನು ಬಿಡಿಬಿಡಿಯಾಗಿ ಕೊಂಡವರು, ಕೂಡಿಸಿದ ಮೇಲೆ ನಿರಾಶರಾಗುವುದುಂಟು. ಕೆಲವೊಮ್ಮೆ ಉಪಕರಣವೇ ಸುಟ್ಟುಹೋಗುವುದೂ ಉಂಟು. ಕಾಲೇಜಿನ ಸಭಾಂಗಣಕ್ಕಾಗಿ ಕೊಳ್ಳುವ ಅಧ್ಯಾಪಕರಿಗೂ ಉಳಿತಾಯದ ಹಣದಿಂದ ಮನೆಗೆ ಕೊಳ್ಳುವ ಸಂಗೀತಪ್ರಿಯರಿಗೂ ಈ ನಷ್ಟ ಸಣ್ಣದಲ್ಲ. ಇದನ್ನು ತಪ್ಪಿಸಲು ಪದವಿ ತರಗತಿಯ ಭೌತಶಾಸ್ತ್ರವೇ ಸಾಕೆಂಬುದನ್ನು ತೋರಿಸುವುದು ನಮ್ಮ ಉದ್ದೇಶ.

ಇಂದಿನ ಬಹುಪಾಲು ಸ್ಪೀಕರುಗಳ ಮೂಲ, 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಂಜಿನಿಯರರು ಪ್ರಕಟಿಸಿದ ವಿನ್ಯಾಸ. ಕಾಂತದ ಸಂದಿನಲ್ಲಿರುವ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಸುರುಳಿಯು ಹಿಂದೆಮುಂದೆ ಚಲಿಸಿ, ತನಗೆ ಅಂಟಿಕೊಂಡಿರುವ ಶಂಕುವನ್ನು ಅಲುಗಿಸುತ್ತದೆ. ವಿದ್ಯುಚ್ಛಕ್ತಿಯ ಬಹುಭಾಗ ಇಲ್ಲಿ ಶಾಖವಾಗಿ ವ್ಯಯವಾಗುತ್ತದೆ. ಆದುದರಿಂದ ಸ್ಪೀಕರಿನ ಮೊದಲ ಗುಣವೆಂದು ಗಮನಿಸಬೇಕಾದುದು ಅದರ ಸಂವೇದನಶೀಲತೆ; ಎಂದರೆ, ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ದೊರೆಯುವ ಶಬ್ದಮಟ್ಟ. ಬಿ.ಬಿ.ಸಿ.ಯು 1970ರ ದಶಕದಲ್ಲಿ ತನ್ನ ಪ್ರಸಾರಕಾರ್ಯಕ್ಕೆಂದು ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರಿನಲ್ಲಿ ಇದು ಸುಮಾರು 83 ಡೆಸಿಬೆಲ್. 1946ರಿಂದ ತಯಾರಾಗುತ್ತ ಬಂದ ಕ್ಲಿಪ್ಶ್‌ಹಾರ್ನ್ ಎಂಬ ಕಹಳೆಯಾಕಾರದ ದೊಡ್ಡ ಸ್ಪೀಕರಿನಲ್ಲಿ 100ಕ್ಕೂ ಹೆಚ್ಚು. ಎರಡೂ ಪ್ರಸಿದ್ಧವಾದುವೇ. ಆದರೆ 10 ಡೆಸಿಬೆಲ್ ಹೆಚ್ಚಬೇಕಾದರೆ ಹತ್ತು ಪಟ್ಟು ವಾಟ್‌ಗಳು ಬೇಕೆಂಬ ನಿಯಮವನ್ನು ನೆನೆದರೆ, ಒಂದಕ್ಕೆ ಸಾಕಾಗುವ ವರ್ಧಕ ಇನ್ನೊಂದಕ್ಕೆ ಏಕೆ ಸಾಲದೆಂಬುದು ಸ್ಪಷ್ಟವಾಗುತ್ತದೆ.

ಲೆಕ್ಕವನ್ನು ಮುಂದುವರಿಸೋಣ. 86 ಡೆಸಿಬೆಲ್ಲಿನ ಸ್ಪೀಕರಿನಿಂದ 2 ಮೀಟರ್ ದೂರ ಕುಳಿತರೆ, ಗೋಡೆಗಳ ಪ್ರತಿಫಲನವನ್ನು ಗಣಿಸದಿದ್ದಲ್ಲಿ, ಒಂದು ವಾಟ್‌ಗೆ 80 ಡೆಸಿಬೆಲ್ ಕೇಳಿಸುತ್ತದೆ. ಮೃದಂಗದ ಗಟ್ಟಿ ಪೆಟ್ಟು ಕ್ಷಣಕಾಲ 100ಕ್ಕೆ ಏರಬೇಕಾದರೆ 100 ವಾಟ್ ಬೇಕು. ಸ್ಪೀಕರಿನ ಸಂವೇದನಶೀಲತೆ 96 ಆಗಿದ್ದರೆ 10 ವಾಟ್ ಸಾಕು.

ಎರಡನೆಯ ಗುಣ ಇಂಪೀಡೆನ್ಸ್, ಎಂದರೆ ಪರ್ಯಾಯ ವಿದ್ಯುತ್ತಿಗೆ ಒದಗುವ ಒಟ್ಟು ತಡೆ. ಸ್ಪೀಕರಿನ ಮೇಲೆ ‘8 ಓಮ್’ ಎಂದು ಬರೆದಿದ್ದರೂ ಅದು ಹೆಸರಿಗೆ ಮಾತ್ರ. ಕಂಪನಾಂಕ ಬದಲಾದಂತೆ ಅದು 4ಕ್ಕೆ ಇಳಿಯಬಹುದು, 30ಕ್ಕೆ ಏರಬಹುದು. 20 ವೋಲ್ಟ್ ಒದಗಿಸುವ ವರ್ಧಕವು 8 ಓಮ್‌ನಲ್ಲಿ 2.5 ಆಂಪಿಯರ್ ಕೊಟ್ಟರೆ ಸಾಕು. 4 ಓಮ್‌ನಲ್ಲಿ 5 ಆಂಪಿಯರ್, 2 ಓಮ್‌ನಲ್ಲಿ 10 ಆಂಪಿಯರ್ ಕೊಡಬೇಕು. ಕೊಡಲಾರದ ವರ್ಧಕ ಬಿಸಿಯೇರಿ ಧ್ವನಿಯನ್ನು ವಿಕಾರಗೊಳಿಸುತ್ತದೆ.

ವರ್ಧಕಕ್ಕೂ ತನ್ನದೇ ಆದ ಒಳತಡೆಯುಂಟು. ಟ್ರಾನ್ಸಿಸ್ಟರ್ ವರ್ಧಕಗಳಲ್ಲಿ ಅದು ಸಾಮಾನ್ಯವಾಗಿ ಅತ್ಯಲ್ಪ. ವಾಲ್ವ್ ವರ್ಧಕಗಳಲ್ಲಿ ಅದು 2 ಓಮ್ ಇದೆಯೆಂದಿಟ್ಟುಕೊಳ್ಳೋಣ. ಆಗ 4 ಓಮ್ ಇರುವ ಕಡೆ ವೋಲ್ಟೇಜಿನ ಆರರಲ್ಲಿ ನಾಲ್ಕು ಪಾಲು, 32 ಓಮ್ ಇರುವ ಕಡೆ ಮೂವತ್ತನಾಲ್ಕರಲ್ಲಿ ಮೂವತ್ತೆರಡು ಪಾಲು ಸ್ಪೀಕರಿಗೆ ದಕ್ಕುತ್ತದೆ. ವ್ಯತ್ಯಾಸ 3 ಡೆಸಿಬೆಲ್. ‘ವಾಲ್ವಿನ ಇಂಪು’ ಎಂದು ಕೆಲವರು ಹೊಗಳುವುದರಲ್ಲಿ ಒಂದಂಶ ಇಂಥ ಏರಿಳಿತವೇ ಆಗಿರಬಹುದು. ಈ ವರ್ಧಕಗಳಲ್ಲಿ ವಾಲ್ವಿಗೂ ಸ್ಪೀಕರಿಗೂ ನಡುವೆ ನಿಂತು ಹೊಂದಾಣಿಕೆ ಮಾಡುವುದು ಟ್ರಾನ್ಸ್‌ಫಾರ್ಮರು. ಅದರ ಒಡಲು ಸಿಲಿಕಾನ್ ಬೆರೆತ ಉಕ್ಕಿನ ತಗಡುಗಳದು. ಇಂಥ ಉಕ್ಕಿಗೆ ಬೆರೆಸುವ ಫೆರೋಸಿಲಿಕಾನ್ ಭದ್ರಾವತಿಯ ಕಾರ್ಖಾನೆಯ ಉತ್ಪನ್ನಗಳಲ್ಲಿ ಒಂದಾಗಿತ್ತು.

ದೊಡ್ಡ ವರ್ಧಕವೇ ಸ್ಪೀಕರನ್ನು ಸುಡುತ್ತದೆಂಬ ನಂಬಿಕೆ ಅರ್ಧಸತ್ಯ. ಚಿಕ್ಕ ವರ್ಧಕವನ್ನು ಮಿತಿಮೀರಿ ದುಡಿಸಿದರೆ ಅಲೆಗಳ ತಲೆ ಚಪ್ಪಟೆಯಾಗಿ, ಮೂಲದಲ್ಲಿಲ್ಲದ ಉಚ್ಚ ಕಂಪನಾಂಕಗಳು ಹುಟ್ಟುತ್ತವೆ; ಇವು ತಾರಸ್ವರದ ಚಿಕ್ಕ ಸ್ಪೀಕರನ್ನು ಸೇರಿ ಅದರ ಸುರುಳಿಯನ್ನು ಕಾಯಿಸುತ್ತವೆ.

ಇನ್ನು ಹೋಲಿಕೆಯ ಕ್ರಮ. ಎರಡು ಸ್ಪೀಕರುಗಳಲ್ಲಿ ತುಸು ಗಟ್ಟಿಯಾಗಿ ನುಡಿಯುವುದೇ ಕಿವಿಗೆ ಉತ್ತಮವೆನಿಸುತ್ತದೆ. ಆದುದರಿಂದ ಮೊದಲು ಎರಡರ ಶಬ್ದಮಟ್ಟವನ್ನೂ ಮಾಪಕದಿಂದ ಸಮಗೊಳಿಸಿ, ಒಂದೇ ಕೋಣೆಯಲ್ಲಿ, ಒಂದೇ ಸ್ಥಾನದಲ್ಲಿ, ಯಾವುದು ನುಡಿಯುತ್ತಿದೆಯೆಂದು ತಿಳಿಯದಂತೆ ತೆರೆಯ ಹಿಂದಿಟ್ಟು ಕೇಳಬೇಕು. ಪರೀಕ್ಷೆಗೆ ತಂಬೂರಿಯ ಶ್ರುತಿ, ಮೃದಂಗದ ಎಡಗೈ ನಾದ, ಪರಿಚಿತ ಮನುಷ್ಯಕಂಠ, ಈ ಮೂರು ಸಾಕು. ಕಂಠದ ಸಹಜತೆ ಕೆಟ್ಟರೆ ಸಂಗೀತ ತಿಳಿಯದವರೂ ಗುರುತಿಸಬಲ್ಲರು.

ಕೊನೆಯದಾಗಿ, ಕೋಣೆ ಮತ್ತು ಮೂಲ. ಭದ್ರಾವತಿಯ ನ್ಯೂ ಟೌನ್ ಕಾರ್ಖಾನೆಯ ನೌಕರರಿಗಾಗಿ ಬೆಳೆದ ಬಡಾವಣೆ. ಅಲ್ಲಿಯ ವಸತಿಗೃಹವೊಂದರ ಕೋಣೆ 3.4 ಮೀಟರ್ ಉದ್ದವಿದೆಯೆಂದು ಭಾವಿಸಿದರೆ, ಸುಮಾರು 50 ಹರ್ಟ್ಸ್‌ನಲ್ಲಿ ಗೋಡೆಗಳ ನಡುವೆ ಸ್ಥಿರತರಂಗ ಏರ್ಪಟ್ಟು ಮಂದ್ರಸ್ವರ ಗುಂಯ್‌ಗುಟ್ಟುತ್ತದೆ. ಇಂಥಲ್ಲಿ ಭಾರಿ ಸ್ಪೀಕರಿಗಿಂತ ಮಿತವಾದದ್ದೇ ಲೇಸು. ಮೂಲದ ಮಿತಿಯೂ ಹೀಗೆಯೇ. ಇದೇ ಊರಿನಲ್ಲಿ 1965ರಲ್ಲಿ ಆರಂಭವಾದ ಆಕಾಶವಾಣಿ ಕೇಂದ್ರವು ಮಧ್ಯಮ ತರಂಗದ 675 ಕಿಲೋಹರ್ಟ್ಸ್‌ನಿಂದ ಮಲೆನಾಡಿಗೆ ಪರಿಚಿತವಾಯಿತು. ಮಧ್ಯಮ ತರಂಗದಲ್ಲಿ ಕೇಂದ್ರಗಳ ನಡುವಣ ಅಂತರ 9 ಕಿಲೋಹರ್ಟ್ಸ್ ಮಾತ್ರವಾದುದರಿಂದ, ಸಾಮಾನ್ಯ ರೇಡಿಯೊದಲ್ಲಿ 5 ಕಿಲೋಹರ್ಟ್ಸ್ ಮೀರಿದ ಸ್ವರಾಂಶಗಳು ಬಹುಮಟ್ಟಿಗೆ ಅಳಿದುಹೋಗುತ್ತವೆ. ಮೂಲದಲ್ಲಿಲ್ಲದುದನ್ನು ಯಾವ ಬೆಲೆಯ ಸ್ಪೀಕರೂ ತಂದುಕೊಡಲಾರದು.

ಆದುದರಿಂದ ಕೋಣೆ, ಮೂಲ, ಸ್ಪೀಕರು, ವರ್ಧಕ ಎಂಬ ಕ್ರಮದಲ್ಲಿ ವಿಚಾರಮಾಡಿ ಕೊಳ್ಳುವುದು ಯುಕ್ತ. ವಿದ್ಯಾರ್ಥಿಗಳು ತಮ್ಮ ಪ್ರಯೋಗಶಾಲೆಯಲ್ಲೇ ಒಂದು ಸ್ಪೀಕರಿನ ಇಂಪೀಡೆನ್ಸನ್ನು ಕಂಪನಾಂಕದೊಡನೆ ಅಳೆದು ನಕ್ಷೆ ಬರೆದರೆ, ಇಲ್ಲಿ ಹೇಳಿದುದರ ಬಹುಭಾಗ ಅವರಿಗೆ ಪ್ರತ್ಯಕ್ಷವಾಗುವುದು.